ಎಡಬಾಗಿಲಿನ ಗಾಜು

"ಬಿಡಬೇಡ ಪೀಸಿಲಾ! ಬಿಟ್ಟೆ ಅಂದ್ರೆ ನನ್ನ ಬೆರಳು ನಾಲ್ಕೂ ಹೋದವು!"

ಕೆಪುವಿನ ಬಲಗೈ ಮೊಣಕೈವರೆಗೂ ಕಾರಿನ ಬಾಗಿಲಿನ ಹೊಟ್ಟೆಯೊಳಗಿತ್ತು. ತೆರೆದ ಬಾಗಿಲಿನ ಆಚೆ ನಿಂತು ಪೀಸಿಲಾ ಕಿಟಕಿಯ ಗಾಜನ್ನು ಎರಡೂ ಅಂಗೈಗಳಿಂದ ಒತ್ತಿ ಹಿಡಿದಿದ್ದಳು. ಗಾಜು ಏರಿಸಿ ಇಳಿಸುವ ಹಳೇ ಮೋಟಾರು ಬಿಚ್ಚಿ ಹೊರಗೆ ಬಿದ್ದಿತ್ತು. ಹೊಸದು ಕೂರುವವರೆಗೆ ಆ ಗಾಜಿಗೆ ಅವಳ ಕೈಗಳೇ ಆಧಾರ. ಟೇಪು ಅಂಟಿಸಿ ನೋಡಿದ್ದ. ವವಾಉ ದ್ವೀಪದ ಉಪ್ಪುಗಾಳಿಗೆ ಯಾವ ಅಂಟು ತಾನೇ ನಿಲ್ಲುತ್ತದೆ?

ಆಗಲೇ ಅವಳ ಕಣ್ಣು ಗಾಜಿನಾಚೆಗೆ, ಸೀಟಿನ ಮೇಲೆ ಬಿತ್ತು.

ಹೆಂಗಸರ ಅಂಗಿ! ಗುಲಾಬಿ ಬಣ್ಣದ್ದು, ಕತ್ತಿಗೆ ಲೇಸಿನದ್ದು...

ಪೀಸಿಲಾ ಗಾಜಿಗೆ ಮುಖ ತಾಗಿಸಿ ಮತ್ತೊಮ್ಮೆ ನೋಡಿದಳು.

ಊರಿಗೆಲ್ಲ ಗೊತ್ತಿದ್ದ ಸಂಗತಿಯೇ ಅದು. ಮೂರು ವಾರದ ಹಿಂದೆ ಆಕ್ಲೆಂಡಿನಿಂದ, ಅಲ್ಲೇ ನೆಲೆಸಿದ್ದ ಊರಿನ ಹುಡುಗಿ ಲವೀನಿಯಾ ರಜೆಗೆ ಬಂದಿಳಿದಿದ್ದಳು. ವಿಮಾನ ನಿಲ್ದಾಣದ ಬಾಗಿಲಲ್ಲೇ ಕೆಪುವಿನ ಕೈಗೆ ಒಂದು ಗಂಟು ಕೊಟ್ಟಿದ್ದಳು. ಅಂದಿನಿಂದ ದಿನವೂ ಅವನ ಕಾರಿನಲ್ಲೇ ಓಡಾಟ. ನಿನ್ನೆ ಬಟ್ಟೆ ಮಾಡಲು ಮರದ ತೊಗಟೆ ಬಡಿಯುತ್ತ ಕೂತಾಗ ಫೂಸಿ ಅತ್ತೆ ಬೇಕೆಂದೇ ಅಂದಿದ್ದಳು: "ಭಾನುವಾರ ಚರ್ಚಿಗೆ ಅವನ ಪಕ್ಕದ ಸೀಟಿಂದ ಯಾರು ಇಳೀತಾರೋ ನೋಡೋಣ. ನೀನು ಬಡಿ ಮಗಳೇ, ತೊಗಟೇನಾದ್ರೂ ಮೆತ್ತಗಾಗ್ಲಿ!"

ಭಾನುವಾರ ಗಂಡಸಿನ ಪಕ್ಕ ಕೂತು ಚರ್ಚಿನ ಮುಂದೆ ಇಳಿದ ಹೆಣ್ಣು ಅಂದರೆ, ಆ ಊರಲ್ಲಿ ನಿಶ್ಚಿತಾರ್ಥ ಆದಂತೆಯೇ. ಬೇರೆ ಡಂಗುರ ಬೇಕಿಲ್ಲ.

ಇವತ್ತು ಶನಿವಾರ.

ಹೊಟ್ಟೆಕಿಚ್ಚು ಎಂದರೆ ಹಸಿ ತೆಂಗಿನ ಸಿಪ್ಪೆಗೆ ಹಿಡಿದ ಬೆಂಕಿ. ಉರಿ ಯಾರಿಗೂ ಕಾಣುವುದಿಲ್ಲ, ಹೊಗೆ ಮಾತ್ರ ತನ್ನ ಕಣ್ಣಿಗೇ.

"ಆ ಅಂಗಿ ಯಾರದು?"

"ಯಾವ ಅಂಗಿ?"

"ಸೀಟಿನ ಮೇಲಿದೆಯಲ್ಲ. ನೀನು ಹಾಕ್ಕೋತೀಯಾ?"

"ಓ ಅದಾ! ಲವೀನಿಯಾದು," ಎಂದ ಕೆಪು, ಬೋಲ್ಟು ತಡಕಾಡುತ್ತ.

ಎಷ್ಟು ಸಲೀಸಾಗಿ ಹೇಳಿಬಿಟ್ಟ! ಹೊರಟುಬಿಡಬೇಕು ಅನ್ನಿಸಿತು ಅವಳಿಗೆ. ಕಾಲು ಹೊರಟಿತು ಕೂಡ. ಆದರೆ ಕೈ? ಕೈ ಬಿಟ್ಟರೆ ಗಾಜು ಅವನ ಬೆರಳ ಮೇಲೆ...

"ಅವಳನ್ನೇ ಕರೀಬೇಕಿತ್ತು ಗಾಜು ಹಿಡಿಯೋಕೆ. ದಾರೀಲಿ ಹೋಗ್ತಿದ್ದ ನಾನ್ಯಾಕೆ?"

"ಅವಳ ಉಗುರಿಗೆ ಬಣ್ಣ ಇದೆ ಮಾರಾಯ್ತಿ."

"ನನ್ನ ಉಗುರಲ್ಲಿ ಮಣ್ಣಿದೆ, ಅದಕ್ಕೆ ನಾನು! ಅಲ್ವಾ?"

ಕೆಪು ತಲೆಯೆತ್ತಿದ. ಗಾಜಿನಾಚೆ ಅವಳ ಕಣ್ಣು ತುಂಬಿತ್ತು. ಅವನ ಕೈ ಒಳಗೇ ನಿಂತಿತು.

"ಪೀಸಿಲಾ... ಆ ಅಂಗೀಲಿ ಸುತ್ತಿಕೊಂಡು ಬಂದದ್ದು ಈ ಮೋಟಾರು ಕಣೇ. ಪೆಟ್ಟಿಗೇಲಿ ಕುಲುಕಬಾರದು ಅಂತ. ಒಂದು ವರ್ಷದಿಂದ ಆಕ್ಲೆಂಡಿನಿಂದ ಬರೋರಿಗೆಲ್ಲ ಕೈ ಮುಗಿದಿದೀನಿ. ಒಬ್ಬ ಮರೆತ. ಇನ್ನೊಬ್ಬ ಬಲಬಾಗಿಲಿಂದು ತಂದ. ಇವಳು ಸರಿಯಾಗಿ ಎಡಗಡೇದು ತಂದಳು. ಊರು ಬಿಡೋತನಕ ಕಾರಲ್ಲಿ ಓಡಾಡಿಸ್ತೀನಿ ಅಂತ ಮಾತು ಕೊಟ್ಟಿದ್ದೆ, ಅದಕ್ಕೇ ಇದನ್ನ ಕೂರಿಸೋಕೆ ಇವತ್ತಿನವರೆಗೆ ಬಿಡುವಾಗ್ಲಿಲ್ಲ. ಅಷ್ಟೇ."

"ಅಷ್ಟೇನಾ?"

ಸುಳ್ಳು ಹೇಳುವುದು ಕೆಪುವಿಗೆ ಬರುತ್ತಿರಲಿಲ್ಲ, ಅದೇ ಅವನ ದೊಡ್ಡ ತೊಂದರೆ.

"ಕೇಳಿದಳು," ಎಂದ ಮೆಲ್ಲಗೆ. "ಆಕ್ಲೆಂಡಿಗೆ ಬಾ, ಗ್ಯಾರೇಜಲ್ಲಿ ಕೆಲಸ ಇದೆ, ನನ್ನ ಜೊತೇಲೇ ಇರು ಅಂತ."

ಗಾಜು ಒಂದಿಷ್ಟು ಜಾರಿತು!

"ಅಯ್ಯೋ! ಬೆರಳು!"

"ನೀನೇನಂದೆ? ಮೊದಲು ಹೇಳು!" ಅವಳು ಹಲ್ಲು ಕಚ್ಚಿ ಗಾಜನ್ನು ಮತ್ತೆ ಮೇಲಕ್ಕೆ ತಳ್ಳಿದಳು.

"ನಾಳೆ ಆ ಸೀಟು ನೋಡು, ಅದೇ ನನ್ನ ಉತ್ತರ ಅಂದೆ."

ಪೀಸಿಲಾಳ ಕಣ್ಣು ಮತ್ತೆ ಆ ಸೀಟಿನತ್ತ ಹೋಯಿತು.

"ಗಾಜು ಇಳೀದೇ ಇದ್ರೆ ನಿನ್ನ ಹೇಗೆ ಕರೀಲಿ ಹೇಳು? ಶಾಲೆ ಬಸ್ಸಲ್ಲಿ ಕಿಟಕಿ ಮುಚ್ಚಿದ್ರೆ ಎರಡನೇ ತಿರುವಿಗೇ ವಾಂತಿ ಮಾಡ್ಕೋತಿದ್ದೆಯಲ್ಲ. ಅದೂ ನನ್ನ ಚೀಲದ ಮೇಲೇ..."

ನಗು ಬಂತು, ಅಳುವೂ ಬಂತು. ಒರೆಸಿಕೊಳ್ಳಲು ಕೈ ಎಲ್ಲಿದೆ?

"ನಾನು ಬರಲ್ಲ ಅಂದ್ರೆ? ಅವಳ್ನ ಕೂರಿಸ್ತೀಯಾ?"

"ಖಾಲಿ ಇರುತ್ತೆ."

ಅವನು ಕೊನೆಯ ಬೋಲ್ಟು ತಿರುಗಿಸಿದ. ಗಾಜನ್ನು ಒಳಗಿನ ಕ್ಲಿಪ್ಪಿಗೆ ಕೂರಿಸಿ ಬಿಗಿ ಮಾಡಿದ. ಸೂರ್ಯ ಆಗಲೇ ಹಲಸಿನಂಥ ಆ ಬ್ರೆಡ್‌ಫ್ರೂಟ್ ಮರದ ಕೆಳಕೊಂಬೆಗೆ ಇಳಿದಿದ್ದ. ನಾಳೆ ಭಾನುವಾರ, ಊರಲ್ಲಿ ಕೆಲಸವೇ ನಿಷಿದ್ಧ; ಯಾರೂ ಸ್ಪ್ಯಾನರು ಮುಟ್ಟುವಂತಿಲ್ಲ.

"ಈಗ ಬಿಡು."

ಬಿಟ್ಟಳು. ಗಾಜು ನಿಂತಿತು.

ಕೆಪು ಗುಂಡಿ ಒತ್ತಿದ. ಜುಯ್ ಎಂದು ಗಾಜು ಇಳಿಯತೊಡಗಿತು. ಅವನ ಹಣೆ, ಗ್ರೀಸು ಮೆತ್ತಿದ ಮೂಗು, ಹೆದರಿದ ಕಣ್ಣು... ಕೊನೆಗೆ ಇಬ್ಬರ ನಡುವೆ ಏನೂ ಉಳಿಯಲಿಲ್ಲ.

"ನಾಳೆ ಬರ್ತೀಯಾ?"

ಪೀಸಿಲಾ ತೆರೆದ ಕಿಟಕಿಯಲ್ಲಿ ಕೈಯಿಟ್ಟು ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನಾಲ್ಕೂ ಇದ್ದವು. ಹೆಬ್ಬೆರಳೂ ಇತ್ತು. ಮತ್ತೆ ಬಿಡಲಿಲ್ಲ.

"ಚರ್ಚಿನ ಗಂಟೆ ಆಗೋಕೆ ಮುಂಚೇನೇ ಬಾ," ಎಂದಳು. "ನಮ್ಮ ಅತ್ತೆಗೆ ಬಾಗಿಲಲ್ಲಿ ನಿಂತು ನೋಡೋಕೆ ಸಮಯ ಸಿಗಲಿ."

ಆದರೆ ಹೊಟ್ಟೆಕಿಚ್ಚಿನ ಹೊಗೆ ಅಷ್ಟು ಬೇಗ ಆರುತ್ತದೆಯೇ?

"ಸೀಟು ಯಾರಿಗೆ ಅಂತ ಅವಳು ಕೇಳಲಿಲ್ವಾ?"

"ಕೇಳಿದಳು. ದಿನಾ ಬೇಲಿ ಹಿಂದೆ ನಿಂತ್ಕೊಂಡು ನನ್ನನ್ನ ಸುಟ್ಟುಬಿಡೋ ಹಾಗೆ ನೋಡ್ತಾಳಲ್ಲ, ಆ ಹುಡುಗೀಗಾ ಅಂದಳು."

ಪೀಸಿಲಾಳ ಕೆನ್ನೆ ಬಿಸಿಯಾಯಿತು.

"ನೀನೇನಂದೆ?"

"ಹೂಂ, ಅವಳಿಗೇ ಅಂದೆ."