ಬಿಳಿ ಮರಳಿನಲ್ಲಿ ಮೂರು ಕರಿಕಲ್ಲು

ಮೇ ಹನ್ನೆರಡು, ಭಾನುವಾರ, ಮಧ್ಯಾಹ್ನ 12.50. ಕಡಲತೀರದ ಪೊಲೀಸ್ ಠಾಣೆಗೆ ಸುಮಾರು ನಲವತ್ತರ ಹೆಂಗಸೊಬ್ಬಳು ಒದ್ದೆ ಬಟ್ಟೆಯಲ್ಲೇ ಬಂದಳು. ರಜೆಗೆ ಬಂದವರು ಕಾಲಲ್ಲಿ ಮರಳು ತಂದರೆ ಬಾಗಿಲಲ್ಲೇ ಗದರುವ ಹೆಡ್ ಕಾನ್‌ಸ್ಟೆಬಲ್ ಆವತ್ತು ಏನೂ ಅನ್ನದೆ ಕುರ್ಚಿ ಎಳೆದುಕೊಟ್ಟ.

"ನನ್ನ ತಮ್ಮ ಹೋಗ್ಬಿಟ್ಟ ಸಾರ್. ಗೋಪುರದ ಮೇಲೆ ಕೂತಿರ್ತಾನಲ್ಲ ಲೈಫ್‌ಗಾರ್ಡ್, ಅವನ ಮೇಲೆ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. "ನಿಧಾನಕ್ಕೆ ಹೇಳಮ್ಮ. ನೀರಿಗಿಳಿದಾಗ ಎಷ್ಟು ಗಂಟೆ?"

"ಹನ್ನೊಂದೂವರೆ. ಮೊಣಕಾಲುದ್ದ ನೀರಲ್ಲಿ ನಿಂತಿದ್ದ. ಕಣ್ಮುಚ್ಚಿ ತೆಗೆಯೋದ್ರಲ್ಲಿ ಒಳಗೆ ಎಳ್ಕೊಂಡು ಹೋಯ್ತು. ಇಲ್ಲಿ ಇಳೀಬೇಡಿ ಅಂತ ಒಂದು ಬೋರ್ಡಿಲ್ಲ, ಹೇಳೋರಿಲ್ಲ ಕೇಳೋರಿಲ್ಲ."

"ಮೊದಲು ಯಾವತ್ತಾದ್ರೂ ಬಂದಿದ್ರಾ?"

"ಸಮುದ್ರ ನೋಡಿದ್ದೇ ಇವತ್ತು. ಅವನು ಬರಲ್ಲ ಅಂದ. ನಾನೇ ಎಳ್ಕೊಂಡು ಬಂದೆ. ಅಮ್ಮ ಹೋದಾಗ ಅವನಿಗೆ ಆರು ವರ್ಷ ಸಾರ್. ಎತ್ತಿ ಆಡಿಸಿ ಬೆಳೆಸಿದ್ದು ನಾನು."

1.20ಕ್ಕೆ ಎಫ್‌ಐಆರ್ ದಾಖಲಾಯಿತು. ಮೃತನ ವಯಸ್ಸು ಇಪ್ಪತ್ತನಾಲ್ಕು. ಆರೋಪ, ಲೈಫ್‌ಗಾರ್ಡ್‌ನ ನಿರ್ಲಕ್ಷ್ಯದಿಂದಾದ ಸಾವು.

ಲೈಫ್‌ಗಾರ್ಡ್ ಠಾಣೆಯ ಹಿಂದಿನ ಕೋಣೆಯಲ್ಲಿ ಕೂತಿದ್ದ. ಜನ ಅವನ ಅಂಗಿ ಹರಿದಿದ್ದರು, ತುಟಿ ಒಡೆದಿತ್ತು. ಹುಡುಗನನ್ನು ಹೊರಗೆ ಎಳೆದು ತಂದವನೂ ಅವನೇ ಎಂಬುದನ್ನು ಹೊಡೆಯುವಾಗ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಅಪಾಯದ ಬಾವುಟ ನೆಟ್ಟಿದ್ಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ನೆಟ್ಟಿದ್ದೆ ಸಾರ್. ಬೆಳಿಗ್ಗೆ ಏಳೂಮುಕ್ಕಾಲಿಗೆ."

"ಹುಡುಗ ಮುಳುಗಿದಾಗ ಬಾವುಟ ಇರಲಿಲ್ಲ ಅಂತ ಹದಿನೇಳು ಜನ ಹೇಳ್ತಿದ್ದಾರೆ."

"ಓಡಿ ಬಂದಾಗ ನನಗೂ ಕಾಣಲಿಲ್ಲ. ಅರ್ಧ ಗಂಟೆ ಗೋಪುರದ ಆ ಕಡೆ ಇದ್ದೆ. ಒಬ್ಬ ಅಜ್ಜಿಗೆ ಜೆಲ್ಲಿ ಮೀನು ಕುಟುಕಿತ್ತು. ನಾನು ನೆಟ್ಟಿದ್ದು ನಿಜ ಸಾರ್. ಒಂಬತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ."

ಈ ತೀರದಲ್ಲಿ ನೀರಿನ ಸೆಳೆತ ದಿನಕ್ಕೊಂದು ಜಾಗ ಬದಲಿಸುತ್ತದೆ. ಹಾಗಾಗಿ ಲೈಫ್‌ಗಾರ್ಡ್ ಬೆಳಿಗ್ಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಾನೇ ನೀರಿಗಿಳಿದು, ಸೆಳೆತ ಎಲ್ಲಿದೆ ಎಂದು ಕಾಲಲ್ಲೇ ತಿಳಿದು, ಅದರ ಎದುರಿಗೆ ಕೆಂಪು ಬಾವುಟ ನೆಡಬೇಕು. ಗೋಪುರದ ಏಣಿಯಿಂದ ಎಷ್ಟು ಹೆಜ್ಜೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಆ ದಿನದ ಸಾಲಿನಲ್ಲಿ 'ದಕ್ಷಿಣಕ್ಕೆ 62' ಎಂದಿತ್ತು. ಬರೆಯುವುದಕ್ಕೇನು, ಕೂತಲ್ಲೇ ಬರೆಯಬಹುದು. ಇವನನ್ನೇ ಒಳಗೆ ಹಾಕಿದ್ದರೆ ಸಂಜೆಯೊಳಗೆ ಎಲ್ಲರೂ ಕೈ ತೊಳೆದುಕೊಳ್ಳಬಹುದಿತ್ತು.

"ಕಂಬ ಅಲ್ಲಾಡದ ಹಾಗೆ ಬುಡಕ್ಕೆ ಏನಾದ್ರೂ ಕೊಡ್ತೀಯಾ?" ಎಂದು ಕೇಳಿದವನು ಹೆಡ್ ಕಾನ್‌ಸ್ಟೆಬಲ್. ಮೆಟ್ಟಿಲು ತಪ್ಪಿ ಬಿದ್ದವನ ಮನೆಗೆ ಹೋದರೂ ಮೆಟ್ಟಿಲು ಅಳೆದು ಬರುವ ಆಸಾಮಿ. ಠಾಣೆಯಲ್ಲಿ ಅವನ ಹೆಸರೇ 'ಟೇಪು'.

"ಮೂರು ಕರಿಕಲ್ಲು ಸಾರ್. ಮರಳು ನುಣುಪು, ಕಂಬ ನಿಲ್ಲಲ್ಲ. ಬಂಡೆ ಹತ್ತಿರದಿಂದ ನಾವೇ ತಂದು ಇಟ್ಕೊಂಡಿದ್ದೀವಿ. ದಿನಾ ಕಂಬದ ಜೊತೆ ಅವನ್ನೂ ಎತ್ಕೊಂಡು ಹೋಗಿ ಹೂಳ್ತೀನಿ."

2.15ಕ್ಕೆ ಪಂಚರನ್ನು ಕರೆದುಕೊಂಡು ತೀರಕ್ಕೆ ಹೋದರು. ಹುಡುಗನ ಚಪ್ಪಲಿ ಇನ್ನೂ ಅಲ್ಲೇ ಬಿದ್ದಿತ್ತು. ಆಚೆಗೆ ಜನ ಚೆಂಡಾಡುತ್ತಿದ್ದರು. ಲೈಫ್‌ಗಾರ್ಡ್ ಅರವತ್ತೆರಡು ಹೆಜ್ಜೆ ಎಣಿಸಿ ನಿಂತ. ಟೇಪು ಮಂಡಿಯೂರಿ ಎರಡೂ ಕೈಯಲ್ಲಿ ಮರಳು ತೋಡಿದ. ಒಂದು ಗೇಣು ಕೆಳಗೆ ಮೊದಲ ಕಲ್ಲು ಸಿಕ್ಕಿತು, ಪಕ್ಕದಲ್ಲೇ ಇನ್ನೆರಡು. ಲೈಫ್‌ಗಾರ್ಡ್ ಅಲ್ಲೇ ಕೂತು ಮುಖ ಮುಚ್ಚಿಕೊಂಡ.

ಹಾಗಾದರೆ ಕಂಬ ಕಿತ್ತವರು ಯಾರು?

ಹತ್ತಿರದಲ್ಲಿದ್ದುದು ಒಂದೇ ಅಂಗಡಿ, ಫೋಟೋದವನದು. ಹನ್ನೊಂದರಿಂದ ಹನ್ನೊಂದೂವರೆವರೆಗೆ ಎಲ್ಲಿದ್ದೆ ಎಂದು ಕೇಳಿದರೆ, "ಕೆಲಸದಲ್ಲಿದ್ದೆ, ಏನೂ ನೋಡಲಿಲ್ಲ" ಎಂದ. ಇನ್ಸ್‌ಪೆಕ್ಟರ್ ಅವನ ಮುಖ ಬಿಟ್ಟು, ಗಿರಾಕಿಗಳಿಗೆ ತೋರಿಸಲು ಹಲಗೆಗೆ ಅಂಟಿಸಿದ್ದ ಫೋಟೋಗಳನ್ನು ನೋಡತೊಡಗಿದರು. ನಲವತ್ತಮೂರು ಫೋಟೋ. ಗಂಡ ಹೆಂಡತಿ, ಅಜ್ಜ ಮೊಮ್ಮಕ್ಕಳು, ಎಲ್ಲರ ಹಿಂದೆಯೂ ಅದೇ ಬಿಳಿ ಮರಳು, ಅದೇ ನೀಲಿ ನೀರು. ಕೆಳಗೆ ತಾರೀಖು ಅಚ್ಚಾಗಿತ್ತು.

"ರಿಜಿಸ್ಟರ್ ತಗೊಂಡು ಬಾ," ಎಂದರು ಟೇಪುವಿಗೆ.

ತಾರೀಖಿಗೆ ತಾರೀಖು ಹೊಂದಿಸಿ ನೋಡಿದರು. ಆ ಪೈಕಿ ಇಪ್ಪತ್ತಾರು ದಿನ ಬಾವುಟ ಇದೇ ಅಂಗಡಿಯ ಎದುರಿಗೇ ಇತ್ತು. ಒಂದು ಫೋಟೋದಲ್ಲೂ ಕೆಂಪಿನ ಚೂರೂ ಇರಲಿಲ್ಲ.

"ಎಲ್ಲಿಟ್ಟಿದ್ದೀಯ?"

ಫೋಟೋದವನು ತಾನೇ ಹೋಗಿ ಅಂಗಡಿಯ ಹಿಂದಿನ ಟಾರ್ಪಾಲು ಎತ್ತಿದ. ಬಾವುಟ ಕಂಬ ಸಮೇತ ಅಡಿಯಲ್ಲಿತ್ತು. 3.05ಕ್ಕೆ ಬಾವುಟ, ಕ್ಯಾಮೆರಾ ಎರಡನ್ನೂ ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಕ್ಯಾಮೆರಾದಲ್ಲಿ 11.02ರ ಚಿತ್ರದ ಅಂಚಿಗೆ ಬಾವುಟವಿತ್ತು. 11.04ರಲ್ಲಿ ಇರಲಿಲ್ಲ. ಎರಡರಲ್ಲೂ ಇದ್ದವರು ಅದೇ ಅಕ್ಕ, ಅದೇ ತಮ್ಮ.

"ಕಿತ್ತಿದ್ದು ನಾನೇ," ಎಂದ. "ದಿನಾ ಕೀಳ್ತೀನಿ, ಎರಡು ನಿಮಿಷಕ್ಕೆ ವಾಪಸ್ ನೆಡ್ತೀನಿ. ಇವತ್ತು ಇನ್ನೊಂದು ಫ್ಯಾಮಿಲಿ ಕರೀತು. ಹೋದೆ. ಮರೆತೆ."

"ಮುಚ್ಚಿಟ್ಟಿದ್ಯಾಕೆ?"

"ಕೂಗು ಕೇಳಿದಾಗ ನೆನಪಾಯ್ತು. ಅಷ್ಟರಲ್ಲಿ ಜನ ಸೇರಿದ್ರು. ಅವನಿಗೆ ಹೊಡೀತಿದ್ರು."

"ನೀನು ಸುಮ್ನೆ ನೋಡ್ತಾ ನಿಂತೆ."

"ಹೌದು ಸಾರ್."

"ಬಾವುಟ ತೆಗಿ ಅಂತ ಯಾರಾದ್ರೂ ಹೇಳಿದ್ರಾ?"

ಅವನು ನೆಲ ನೋಡಿದ. "ಯಾರೂ ಹೇಳಲಿಲ್ಲ."

4.10ಕ್ಕೆ ಚಿತ್ರದಲ್ಲಿರುವವರನ್ನು ಗುರುತಿಸಲು ಅಕ್ಕನನ್ನು ಕರೆಸಿದರು. ಲೈಫ್‌ಗಾರ್ಡ್ ಬಾಗಿಲ ಹತ್ತಿರ ನಿಂತಿದ್ದ. ಟೇಪು ಎರಡೂ ಚಿತ್ರಗಳನ್ನು ಮೇಜಿನ ಮೇಲಿಟ್ಟ. ತಮ್ಮ ಅಕ್ಕನ ಹೆಗಲ ಮೇಲೆ ಕೈ ಹಾಕಿ, ಬಿಸಿಲಿಗೆ ಒಂದು ಕಣ್ಣು ಮುಚ್ಚಿ ನಗುತ್ತಿದ್ದ. ಆಕೆ ಬೆರಳಲ್ಲಿ ಅವನ ಮುಖ ಸವರಿದಳು. ಬೆರಳು ಚಿತ್ರದ ಅಂಚಿಗೆ ಬಂದು ನಿಂತಿತು.

"ಈ ಕೆಂಪು ಬಟ್ಟೆ?"

"ಅದೇ ಅಮ್ಮ, ಅಪಾಯದ ಬಾವುಟ," ಎಂದ ಟೇಪು. "ಅದಿದ್ದ ಕಡೆ ನೀರಿಗೆ ಇಳೀಬಾರದು."

ಆಕೆ ಎರಡನೇ ಚಿತ್ರವನ್ನು ಹತ್ತಿರ ಎಳೆದು ಅದೇ ಅಂಚನ್ನು ನೋಡಿದಳು.

"ಅದನ್ನ ತೆಗೀರಿ ಅಂದಿದ್ದು ನಾನು," ಎಂದಳು. "ಅಂಗಡಿಯವನ ಗುರುತು ಅಂದ್ಕೊಂಡೆ. ಫೋಟೋ ಚೆನ್ನಾಗಿರಲ್ಲ ಅಂದೆ."

ಇನ್ಸ್‌ಪೆಕ್ಟರರ ಪೆನ್ನು ನಿಂತಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಷ್ಟು ಭಾರದ ಮಾತನ್ನು ಅವರು ಕೇಳಿರಲಿಲ್ಲ. "ಯಾರೂ ಹೇಳಲಿಲ್ಲ ಅಂತ ಅವನೇ ಹೇಳಿಕೆ ಕೊಟ್ಟಿದ್ದಾನಮ್ಮ," ಎಂದರು, ಆದಷ್ಟು ಮೆಲ್ಲಗೆ.

"ಸುಳ್ಳು ಹೇಳಿದ್ದಾನೆ. ಬರ್ಕೊಳ್ಳಿ." ಆಕೆ ಲೈಫ್‌ಗಾರ್ಡ್ ಕಡೆ ತಿರುಗಿದಳು. ಒಡೆದ ತುಟಿ ನೋಡಿ ಕೈ ಜೋಡಿಸಿದಳು. ಅವನು ಒಂದು ಹೆಜ್ಜೆ ಮುಂದೆ ಬಂದು ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

ಆಕೆಯ ಹೆಚ್ಚುವರಿ ಹೇಳಿಕೆಯನ್ನು ಇನ್ಸ್‌ಪೆಕ್ಟರ್ ಸ್ವತಃ ಬರೆದುಕೊಂಡರು. ಲೈಫ್‌ಗಾರ್ಡ್‌ನನ್ನು ಮನೆಗೆ ಕಳಿಸಿದರು. 5.10ಕ್ಕೆ ಫೋಟೋದವನ ಬಂಧನ ಆಯಿತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ಮರೆಮಾಚಿದ್ದು.

ಲಾಕಪ್ಪಿನ ಬಾಗಿಲಲ್ಲಿ ಟೇಪು ಕೇಳಿದ, "ಆಯಮ್ಮನ ಮಾತು ಯಾಕೋ ಮುಚ್ಚಿಟ್ಟೆ?"

"ಹದಿಮೂರು ವರ್ಷದಿಂದ ಎಲ್ಲರೂ ಹೇಳ್ತಾರೆ ಸಾರ್, ಕೆಂಪು ಬೇಡ ಅಂತ. ದೂರದಿಂದ ಬಂದಿರ್ತಾರೆ, ಬರೀ ಬಿಳಿ ಮರಳು ಬೇಕು ಅವರಿಗೆ. ಹೇಳೋರಿಗೆ ಅದೇನು ಅಂತ ಗೊತ್ತಿಲ್ಲ. ನನಗೆ ಗೊತ್ತಿತ್ತಲ್ಲ."

ಆರು ಗಂಟೆಗೆ ಶವದ ಗಾಡಿ ಸಿದ್ಧವಾಯಿತು. ಅಕ್ಕ ಹತ್ತುವ ಮುಂಚೆ ಇನ್ಸ್‌ಪೆಕ್ಟರ್ ಬಳಿ ಬಂದಳು.

"ಅವನದು ಬೇರೆ ಫೋಟೋ ಇಲ್ಲ ಸಾರ್, ಇಲ್ಲಿಗೆ ಬಂದಿದ್ದು. ಒಂದು ಕೊಡ್ತೀರಾ?"

"ಪ್ರತಿ ತೆಗೆಸಿ ಕಳಿಸ್ತೀನಮ್ಮ. ಎರಡನೇದು ತಾನೇ? ಅದು ಚೆನ್ನಾಗಿ ಬಂದಿದೆ."

"ಬೇಡ. ಮೊದಲನೇದು ಕೊಡಿ," ಎಂದಳು ಅಕ್ಕ. "ಅದರಲ್ಲಿ ಬಾವುಟ ಇನ್ನೂ ಇದೆ."