ಸ್ಮಾರಕದ ಕೊನೆಯ ಸಾಲು

ಆಗಸ್ಟ್ ಹದಿನಾರರ ಬೆಳಿಗ್ಗೆ ಬಾಲಪ್ಪ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಬಳಗಾನೂರು ಸಮೀಪದ ಕೆಂಚನದಿನ್ನಿಗೆ ಹೊಗುವ ಹಳೆಯ ಅಗಸಿ ಬಾಗಿಲಲ್ಲಿ ಅವರ ಮಗ, ಗಡಿಯಲ್ಲಿ ಮಡಿದ ಯೋಧ ಆನಂದಕುಮಾರನ ಸ್ಮಾರಕವಿತ್ತು. ಪಂಚಾಯಿತಿ ನಿಲ್ಲಿಸಿದ್ದ ಆ ಕಲ್ಲನ್ನು ಯಾರೋ ಉಳಿಯಿಂದ ಹೊಡೆದು ಕೆಡಿಸಿದ್ದರು.

"ಯಾರ ಮ್ಯಾಲ ಅನುಮಾನ?" ಪಿಎಸ್‌ಐ ಅಖ್ತರ್ ಕೇಳಿದರು.

"ಚಾಂದ್‌ಪಾಷಾನ ಮ್ಯಾಲ ರೀ. ಕಲ್ಲು ಕೆತ್ತಿದಾವ ಅವನ. ಊರಾಗ ಉಳಿ ಇನ್ಯಾರ ಹಂತ್ಯಾಕ ಐತ್ರಿ?"

ಎಫ್‌ಐಆರ್ ದಾಖಲಾಯಿತು. ಬಾಲಪ್ಪನವರನ್ನು ಕರೆದುಕೊಂಡು, ಮಹಿಳಾ ಕಾನ್‌ಸ್ಟೆಬಲ್ ಉಮಾದೇವಿಯೊಡನೆ ಅಖ್ತರ್ ಸ್ಥಳಕ್ಕೆ ಹೋದರು. ಕರಿಕಲ್ಲಿನ ಅಗಸಿಯ ಕದಗಳು ಎಂದೋ ಹೋಗಿದ್ದವು. ಒಳಗೋಡೆಗೆ ಒರಗಿ ಒಂದು ಪುರಾತನ ವೀರಗಲ್ಲು: ಕತ್ತಿ ಹಿಡಿದ ವೀರ, ಪಕ್ಕದಲ್ಲಿ ಅವನೊಡನೆ ಚಿತೆ ಏರಿದ ಹೆಂಡತಿಯ ಬಳೆ ತೊಟ್ಟ ತೋಳು. ಅದಕ್ಕೆ ತಾಗಿಯೇ ಹೊಸ ಸ್ಮಾರಕ. ಪಂಚರ ಎದುರು ಪಂಚನಾಮೆ ನಡೆಯಿತು. ಯೋಧನ ಹೆಸರು, ರೆಜಿಮೆಂಟು, ತಾರೀಖು ಎಲ್ಲ ನೆಟ್ಟಗಿದ್ದವು. ಕೊನೆಯ ಸಾಲೊಂದೇ ಪುಡಿಯಾಗಿತ್ತು.

"ಇಲ್ಲಿ ಏನಿತ್ತು?" ಅಖ್ತರ್ ಬಾಲಪ್ಪನವರನ್ನು ಕೇಳಿದರು.

"'ವೀರಪತ್ನಿ ನಾಗವೇಣಿ' ಅಂತಿತ್ರಿ. ನನ್ನ ಸೊಸಿ. ಈ ಯುಗಾದಿಗೆ ನಾನ ಬರೆಸಿದ್ನಿ."

"ಅಕಿನ್ನ ಕೇಳಿದ್ರೇನು?"

ಬಾಲಪ್ಪ ಹುಬ್ಬು ಗಂಟಿಕ್ಕಿದರು. "ಮಾನ ಕೊಡಾಕ ಯಾರನ್ನ ಕೇಳಬೇಕ್ರೀ?"

ಅಖ್ತರ್ ಬಾಗಿ ನೋಡಿದರು. ಆನಂದಕುಮಾರನ ಹೆಸರಿನ ಮೇಲೆ ಕುಳಿತಿರಬೇಕಾದ ಕಲ್ಲಿನ ಪುಡಿಯನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು. ದ್ವೇಷಕ್ಕೆ ಹೊಡೆದವನು ಹೀಗೆ ಒರೆಸಿ ಹೋಗುತ್ತಾನೆಯೇ?

ಮಧ್ಯಾಹ್ನ ಚಾಂದ್‌ಪಾಷಾನನ್ನು ಠಾಣೆಗೆ ಕರೆಸಿದರು.

"ಉಳಿ ಎಲ್ಲಿ?"

"ಕಳದೈತ್ರಿ ಸಾಹೇಬ್ರ."

"ಎಲ್ಲಿ ಕಳೀತು?"

"ನೆನಪಿಲ್ರೀ."

"ನೀ ಬಾಯಿ ಬಿಡಲಿಲ್ಲಂದ್ರ ಕೇಸು ನಿನ್ನ ಮ್ಯಾಲೇ ಆಕ್ಕೈತಿ."

"ಆಗ್ಲಿ ರೀ," ಎಂದ ಚಾಂದ್‌ಪಾಷಾ, ತಲೆ ಎತ್ತದೆ.

ಅಖ್ತರ್ ಅವರ ಅನುಮಾನ ಗಟ್ಟಿಯಾದದ್ದು ಆಗಲೇ. ತಾನು ಮಾಡಿದ ತಪ್ಪಿಗೆ ಮನುಷ್ಯ ಇಷ್ಟು ಸುಲಭವಾಗಿ ತಲೆ ಕೊಡುವುದಿಲ್ಲ. ಅವನು ಯಾರನ್ನೋ ಕಾಪಾಡುತ್ತಿದ್ದ. ಅವರು ಉಮಾದೇವಿಯನ್ನು ಜೊತೆಗೆ ಕರೆದುಕೊಂಡು ಅದೇ ಊರಿನಲ್ಲಿದ್ದ ನಾಗವೇಣಿಯ ತವರುಮನೆಗೆ ಹೋದರು.

ಇಪ್ಪತ್ತಾರರ ಹೆಣ್ಣುಮಗಳು ಬಾಗಿಲಿಗೆ ಬಂದಳು. ಅಂಗೈಯಲ್ಲಿ ಬೊಕ್ಕೆ, ಹೆಬ್ಬೆರಳ ಉಗುರು ಕಪ್ಪಾಗಿತ್ತು. ಉಮಾದೇವಿ ಆ ಕೈಯನ್ನೇ ನೋಡುತ್ತಿದ್ದಂತೆ ಅವಳು ಒಳಗೆ ಹೋಗಿ ಉಳಿ ತಂದು ಮುಂದಿಟ್ಟಳು.

"ಚಾಂದಣ್ಣಂದು ತಪ್ಪಿಲ್ರೀ. ಸವದ ಬೀಸುಕಲ್ಲಿಗೆ ಹಲ್ಲು ಹೊಡಕೋಬೇಕು ಅಂತ ಸುಳ್ಳು ಹೇಳಿ ಇಸ್ಕೊಂಡಿದ್ನಿ."

"ಯಾಕ ಮಾಡಿದಿ?" ಅಖ್ತರ್ ಕೇಳಿದರು.

"ಮಸ್ಕಿಯಿಂದ ಗಂಡಿನವ್ರು ನನ್ನ ನೋಡಾಕ ಬಂದಿದ್ರು. ನಮ್ಮವ್ವ ಮಂಡಕ್ಕಿ ಒಗ್ಗರಣಿ ಮಾಡಿಟ್ಟಿದ್ಲು. ಅಗಸ್ಯಾಗ ನಿಂತು ಕಲ್ಲು ಓದಿದ್ರಂತ. ಮನಿತನಕ ಬರಲೇ ಇಲ್ಲ, ಹಂಗ ವಾಪಸ್ ಹೋದ್ರು. ನನ್ನ ಗಂಡನ ಹೆಸರಿಗೆ ನಾ ಕೈ ಹಚ್ಚಿಲ್ರೀ. ನಾ ಇನ್ನಾ ಬದುಕೀನಿ. ನನ್ನ ಹೆಸರು ಕಲ್ಲಿನ್ಯಾಗ ಯಾಕ್ರೀ?"

ಉಳಿ ಜಪ್ತಿಯಾಯಿತು. ಸಾರ್ವಜನಿಕ ಆಸ್ತಿ ಹಾನಿ ಪ್ರಕರಣದಲ್ಲಿ, ಹೊತ್ತು ಮುಳುಗುವ ಮುನ್ನ, ಉಮಾದೇವಿ ಅವಳನ್ನು ಬಂಧಿಸಿದರು.

ಸುದ್ದಿ ತಿಳಿದು ಬಾಲಪ್ಪ ಠಾಣೆಗೆ ಬಂದರು. ಬೆಂಚಿನ ಮೇಲೆ ಕುಳಿತಿದ್ದ ಸೊಸೆಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

"ಅಕಿ ಮತ್ತ ಮದುವಿ ಆಗೋ ವಿಚಾರ ನಿಮಗ ಗೊತ್ತಿತ್ತೇನು?" ಅಖ್ತರ್ ಕೇಳಿದರು.

ಬಾಲಪ್ಪ ಸೊಸೆಯಿಂದ ಮುಖ ತಿರುಗಿಸಿದರು.

"ಗೊತ್ತಿತ್ರಿ. ಅದಕ್ಕ ಆ ಸಾಲು ಬರೆಸಿದ್ನಿ."

ಅಖ್ತರ್ ಬಾಲಪ್ಪನವರನ್ನು ಕೂರಿಸಿ, ಆ ಮಾತನ್ನೂ ಹೇಳಿಕೆಯಲ್ಲಿ ಬರೆದುಕೊಂಡರು.