ಚಿಪ್ ಇಲ್ಲದ ಕಾಪಿ

ಸ್ಕ್ರೂಡ್ರೈವರಿನ ತುದಿ ನನ್ನ ಗಂಟಲಿಗೆ ಒತ್ತಿತು.

“ಆ ಸಿಡಿ ಮುಟ್ಟಿದ್ರ ಚುಚ್ಚಿಬಿಡ್ತೇನಿ!”

ಶಹಾಬುದ್ದೀನ. ಸಿಂದಗಿ ಬಸ್‌ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ. ಇಸವಿ 2003. ಹಳೆಯ ಕಂಪ್ಯೂಟರಿನ ಚಿಪ್‌ನಲ್ಲಿರುವ ಸಿಸ್ಟಂ ಸಾಫ್ಟ್‌ವೇರನ್ನು ಆ ಸಿಡಿಗೆ ಕಾಪಿ ಮಾಡಿದ್ದ. ಅದಿಲ್ಲದೆ ಹಳೆಯ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಕಳ್ಳ ಕಾಪಿ ಅಳಿಸಿ ಬರಲು ಅದರ ಹಕ್ಕುದಾರ ಕಂಪನಿ ನನ್ನನ್ನು ಕಳಿಸಿತ್ತು.

ಅವನ ಮಣಿಕಟ್ಟು ತಿರುಚಿದೆ. ಸ್ಕ್ರೂಡ್ರೈವರ್ ಬಿತ್ತು. ಅವನು ಸಿಡಿ ಎತ್ತಿಕೊಂಡು ಓಡಿದ...

ಇಂಡಿಗೆ ಹೋಗುವ ಬಸ್ಸು ಹೊರಟಿತ್ತು. ಫುಟ್‌ಬೋರ್ಡಿಗೆ ಹಾರಿದ. ಕಾಲರ್ ಹಿಡಿದು ಎಳೆದೆ. ಇಬ್ಬರೂ ಧೂಳಿನಲ್ಲಿ!

“ಎಷ್ಟು ಮಂದಿಗೆ ಕೊಟ್ಟೀದಿ?”

“ಒಬ್ಬಾಕಿಗೆ. ಬರ್ರಿ, ನೀವ ನೋಡ್ರಿ.”

ಅಂಗಡಿಗೆ ಮರಳಿದೆವು. ಕನ್ನೊಳ್ಳಿಯ ಸುಂದರವ್ವ ಬಂದು ಕುಳಿತಿದ್ದಳು. ಮಡಿಲಲ್ಲಿ ಒಂದು ಕ್ಯಾಸೆಟ್. ಆ ಕಾಲದ ಕಂಪ್ಯೂಟರಿನ ಪ್ರೋಗ್ರಾಂಗಳನ್ನು ಹಾಡಿನ ಕ್ಯಾಸೆಟ್ಟಿನಲ್ಲೇ ಉಳಿಸುತ್ತಿದ್ದರು. ಮಗಳು ದಾನೇಶ್ವರಿ, ಮಾವ ತಂದುಕೊಟ್ಟ ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಂ ಅದರಲ್ಲಿತ್ತು. ಮಗಳು ಜ್ವರದಲ್ಲಿ ಹೋಗಿ ಹದಿಮೂರು ವರ್ಷ.

ಶಹಾಬುದ್ದೀನ ಸಿಡಿ ಹಾಕಿದ. ಟೇಪ್‌ರೆಕಾರ್ಡರನ್ನು ಕಂಪ್ಯೂಟರಿಗೆ ಜೋಡಿಸಿ ಕ್ಯಾಸೆಟ್ ಓಡಿಸಿದ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮೂಡಿತು.

“‘ಅವ್ವಾ, ಉಂಡಿ?’ ಅಂತ ಕೇಳಾಕತ್ತಾಳ ನೋಡಬೇ,” ಓದಿ ಹೇಳಿದ. ಹೂಂ ಅನ್ನಲು ಒತ್ತುವ ಕೀ ತೋರಿಸಿದ.

ಒತ್ತಿದಳು.

“‘ಸುಳ್ಳ ಹೇಳಬ್ಯಾಡ!’ ಅಂದ್ಲು.”

ಸುಂದರವ್ವ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡಳು...

“ಅವ್ವಾರ,” ಅಂದೆ, “ಆ ಹಳೇ ಕಂಪ್ಯೂಟರ್ ಮನ್ಯಾಗ ಐತೇನ್ರಿ? ಇದ್ರ, ಅದರ ಚಿಪ್‌ದಾಗಿಂದು ನೀವು ಒಂದು ಕಾಪಿ ಇಟ್ಕೊಳ್ಳಾಕ ಕಾಯ್ದೆ ಬಿಡತೈತಿ. ತೋರಿಸ್ರಿ, ನಾ ಸುಮ್ನ ಹೋಗ್ತೇನಿ.”

“ಇಲ್ಲೋ ಯಪ್ಪಾ. ಸತ್ತವರ ಸಾಮಾನ ಇಟ್ಕೋಬಾರದಂದ್ರು. ಆಕಿ ಅರಿಬಿ ಜೋಡಿ ಅದನ್ನೂ ಸ್ಮಶಾನದಾಗ ಆಕಿ ಕುಣಿ ತೋಡಿದವಗ ಕೊಟ್ಟಬಿಟ್ಟೆ. ಈ ಕ್ಯಾಸೆಟ್ ಟೇಪ್‌ರೆಕಾರ್ಡರ್‌ನ್ಯಾಗ ಸಿಕ್ಕೊಂಡಿತ್ತು, ಉಳೀತು.”

“ಮಷೀನ ಮನ್ಯಾಗ ಐತಿ ಅಂತ ಬರಕೋರಿ ಸಾಹೇಬ್ರ,” ಶಹಾಬುದ್ದೀನ ಗೋಗರೆದ. “ನಾನು ಬ್ಯಾರೆಯವರ ಚಿಪ್‌ದಿಂದ ತಗದೇನಿ, ಖರೆ. ಯಾರ ನೋಡ್ತಾರ?”

“ಕಂಪನಿಯವರು ಮಷೀನಿನ ಫೋಟೋ ಕೇಳ್ತಾರ. ಸ್ಮಶಾನದ ಫೋಟೋ ಕೊಡ್ಲಿ?”

ಅಂದ ಮೇಲೆ ನನ್ನ ನಾಲಿಗೆಯನ್ನೇ ಕಚ್ಚಿಕೊಂಡೆ.

ಹಾರ್ಡ್‌ಡಿಸ್ಕಿನಲ್ಲಿದ್ದ ಕಾಪಿ ಅಳಿಸಿದೆ. ಸಿಡಿ ಮುರಿದೆ. ಪರದೆ ಕಪ್ಪಾಯಿತು.

“ಉಂಡಿ ಅಂತ ಆಕಿ ಕಡಿಂದ ಇನ್ನೊಮ್ಮೆ ಕೇಳಸಪ್ಪಾ,” ಸುಂದರವ್ವ ಪರದೆಯತ್ತಲೇ ನೋಡುತ್ತಿದ್ದಳು. “ಈ ಸಲ ಖರೇನ ಹೇಳ್ತೇನಿ.”

ಶಹಾಬುದ್ದೀನ ಗೋಡೆಗೆ ಮುಖ ತಿರುಗಿಸಿದ.

ಕ್ಯಾಸೆಟ್ ತೆಗೆದು ಆಕೆಯ ಕೈಗಿಟ್ಟೆ.

ಕಾನೂನಿನ ಪ್ರಕಾರ, ಅದು ಪೂರ್ತಿ ಆಕೆಯದೇ!